ಬಚ್ಚಲ ನೀರು ಎಲ್ಲಿಗೆ ಹೋಗ್ತದೆ?



ಬೆಳಿಗ್ಗೆ ಎದ್ದ ಕೂಡಲೇ ನಾವು ಏನು ಮಾಡ್ತೇವೆ? ಬಾಗಿಲಿಗೆ ನೀರು ಹಾಕ್ತೇವೆ. ಅಂಗಳ ಗುಡಿಸ್ತೇವೆ. ರಂಗೋಲಿ ಇಡ್ತೇವೆ. ಪಾತ್ರೆ ತೊಳೀತೇವೆ. ಮಕ್ಕಳಿಗೆ ಸ್ನಾನ ಮಾಡಿಸ್ತೇವೆ. ಬಟ್ಟೆ ಒಗೀತೇವೆ. ಮನೆ ಚೊಕ್ಕಟ ಆಯ್ತು.

ಆದರೆ ಮನೆಯ ಕೊಳೆ ಎಲ್ಲಿ ಹೋಯ್ತು? ನೀರಿನ ಜೊತೆ ಹೋಯ್ತು. ನೀರು ಎಲ್ಲಿ ಹೋಯ್ತು? ಬಚ್ಚಲಿನಿಂದ ಚರಂಡಿಗೆ ಹೋಯ್ತು. ಚರಂಡಿಯಿಂದ ಎಲ್ಲಿಗೆ?

ಈ ಪಾಠದಲ್ಲಿ ಆ ನೀರಿನ ಬೆನ್ನು ಹತ್ತಿ ಹೋಗೋಣ.

ಒಂದು ಜಗಳ

ಒಂದು ಊರು ಅಂತ ಇಟ್ಟುಕೊಳ್ಳಿ. ಅದು ನಿಮ್ಮ ಊರೂ ಆಗಿರಬಹುದು. ಅಲ್ಲಿ ಒಂದು ಓಣಿ. ಓಣಿಯಲ್ಲಿ ಎಂಟು ಮನೆ. ಒಂದು ದಿನ ಬೆಳಿಗ್ಗೆ ಅಲ್ಲಿ ದೊಡ್ಡ ಜಗಳ.

ಕೆಳಗಿನ ಮನೆ ತಂಗಿ ಕೂಗಿದಳು: "ಏನಕ್ಕ, ನಿನ್ನ ಬಚ್ಚಲ ನೀರೆಲ್ಲ ನಮ್ಮ ಬಾಗಿಲಿಗೆ ಬರ್ತೈತಲ್ಲ! ನನ್ನ ಕೂಸು ಅದರಲ್ಲೇ ಆಡ್ತೈತೆ. ಮೂರು ದಿನದಿಂದ ಅದಕ್ಕೆ ಭೇದಿ."

ಮೇಲಿನ ಮನೆ ಅಕ್ಕ ಬಿಡಲಿಲ್ಲ: "ನಾನೇನು ಮಾಡ್ಲಿ ತಾಯಿ? ನೀರು ಮೇಲಕ್ಕೆ ಹರೀತೈತಾ? ಚರಂಡಿ ಕಟ್ಟಿಕೊಂಡೈತೆ. ಹೋಗಿ ಪಂಚಾಯ್ತಿಯವರನ್ನ ಕೇಳು."

ಮಾತಿಗೆ ಮಾತು ಬೆಳೆಯಿತು. ಆಗ ಜಗುಲಿ ಮೇಲೆ ಕೂತಿದ್ದ ಅಜ್ಜಿ ಒಂದು ಮಾತು ಕೇಳಿದಳು: "ಅವಳ ನೀರು ನಿನ್ನ ಬಾಗಿಲಿಗೆ ಬಂತು. ಸರಿ. ನಿನ್ನ ನೀರು ಯಾರ ಬಾಗಿಲಿಗೆ ಹೋಗ್ತೈತವ್ವ?"

ತಂಗಿ ಸುಮ್ಮನಾದಳು. ಅದು ಅವಳಿಗೆ ಗೊತ್ತಿರಲಿಲ್ಲ. ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಅಕ್ಷರ ಕಲಿಯುವ ಕೇಂದ್ರದಲ್ಲಿ ಇದೇ ಮಾತು ಬಂತು. ಕಲಿಸುವ ಅಕ್ಕ ಹೇಳಿದಳು: "ಇವತ್ತು ಪುಸ್ತಕ ಬೇಡ. ಚರಂಡಿ ಹಿಡಿದುಕೊಂಡು ನಡೆಯೋಣ ಬನ್ನಿ."

ನೀರಿನ ಬೆನ್ನು ಹತ್ತಿ

ಎಲ್ಲರೂ ನಡೆದರು. ಚರಂಡಿ ಓಣಿ ದಾಟಿತು. ದೊಡ್ಡ ಬೀದಿಯ ಚರಂಡಿಗೆ ಸೇರಿತು. ಹೋಟೆಲಿನ ನೀರು ಅದಕ್ಕೆ ಕೂಡಿಕೊಂಡಿತು. ಮುಂದೆ ತಗ್ಗಿನ ಕೇರಿ ಬಂತು. ಅಲ್ಲಿ ನೀರು ನಿಂತು ಕಪ್ಪಾಗಿತ್ತು. ನಾತ ಬರುತ್ತಿತ್ತು. ಕೇರಿಯ ಹೆಂಗಸರು ಹೇಳಿದರು: "ಊರಿನ ಕೊಳೆ ಎಲ್ಲ ನಮ್ಮ ಬಾಗಿಲಲ್ಲೇ ಐತೆ. ನಾವು ಯಾರಿಗೆ ಹೇಳೋಣ?"

ಕೇರಿ ದಾಟಿದ ನೀರು ಹಳ್ಳಕ್ಕೆ ಬಿತ್ತು. ಹಳ್ಳದಲ್ಲಿ ಪ್ಲಾಸ್ಟಿಕ್ ಚೀಲ, ಹರಿದ ಚಪ್ಪಲಿ, ಬಾಟಲಿ, ಒಡೆದ ಗೋಡೆಯ ಮಣ್ಣು. ಹಳ್ಳ ಹೋಗಿ ಸೇರಿದ್ದು ಎಲ್ಲಿಗೆ?

ಊರ ಕೆರೆಗೆ.

ಅದೇ ಕೆರೆಯಲ್ಲಿ ದನಗಳು ನೀರು ಕುಡಿಯುತ್ತಿದ್ದವು. ಕೆರೆಯ ಕೆಳಗೇ ಊರಿನ ಕೊಳವೆಬಾವಿ ಇತ್ತು. ಆ ಬಾವಿಯ ನೀರೇ ಟ್ಯಾಂಕಿಗೆ ಏರುತ್ತಿತ್ತು. ಟ್ಯಾಂಕಿನಿಂದ ನಲ್ಲಿಗೆ ಬರುತ್ತಿತ್ತು. ನಲ್ಲಿಯಿಂದ ಬಿಂದಿಗೆಗೆ.

ಅಜ್ಜಿ ಕೇಳಿದ್ದ ಮಾತಿಗೆ ಉತ್ತರ ಸಿಕ್ಕಿತು. ನಮ್ಮ ಬಚ್ಚಲ ನೀರು ಸುತ್ತಿ ಸುತ್ತಿ ನಮ್ಮ ಬಾಗಿಲಿಗೇ ಬರ್ತದೆ.

ಕೆರೆ ಎಂದರೆ ಬರೀ ನೀರಲ್ಲ

ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರಕ್ಕಿಂತ ಹೆಚ್ಚು ಕೆರೆಗಳಿವೆ. ಇವು ತಾವಾಗಿ ಆದವಲ್ಲ. ಹೆಚ್ಚಿನವನ್ನು ಜನರೇ ಕಟ್ಟಿದ್ದು. ಮಣ್ಣು ಹೊತ್ತು, ಏರಿ ಹಾಕಿ, ಕಲ್ಲು ಕಟ್ಟಿದರು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರ ಎಂಬ ದೊಡ್ಡ ಕೆರೆ ಇದೆ. ಸೂಳೆಕೆರೆ ಎಂದೂ ಕರೆಯುತ್ತಾರೆ. ಅದನ್ನು ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳು ಎಂದು ಅಲ್ಲಿನ ಜನ ಹೇಳುತ್ತಾರೆ.

ಕೆರೆಗೆ ನಮ್ಮ ಮೈಯಂತೆ ಅಂಗಗಳಿವೆ. ನೀರು ತರುವ ಹಳ್ಳ, ಕಾಲುವೆಗಳು ಇವೆ. ನೀರು ನಿಲ್ಲುವ ಅಂಗಳ ಇದೆ. ನೀರು ತಡೆಯುವ ಏರಿ ಇದೆ. ಗದ್ದೆಗೆ ನೀರು ಬಿಡುವ ತೂಬು ಇದೆ. ಹೆಚ್ಚಾದ ನೀರು ಹೋಗುವ ಕೋಡಿ ಇದೆ. ತೂಬಿನ ಕೆಳಗೆ ಅಚ್ಚುಕಟ್ಟು ಇದೆ.

ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಕೆರೆಗೆ. ಹೀಗೆ ಹೋಗಿ ಕೊನೆಗೆ ಹೊಳೆ ಸೇರುತ್ತದೆ. ಕೆರೆಗಳು ಸರಪಣಿಯ ಕೊಂಡಿಗಳಿದ್ದಂತೆ. ಮೇಲಿನ ಊರಿನವರು ಕೊಳೆ ಬಿಟ್ಟರೆ ಕೆಳಗಿನ ಊರಿನವರು ಅದನ್ನು ಉಣ್ಣಬೇಕಾಗುತ್ತದೆ. ಓಣಿಯಲ್ಲಿ ಆದ ಜಗಳ ಊರು ಊರಿಗೂ ಆಗುತ್ತದೆ.

ಹಿಂದೆ ಕೆರೆ ನೋಡಿಕೊಳ್ಳಲು ಊರಿಗೊಬ್ಬ ನೀರಗಂಟಿ ಇದ್ದ. ತೂಬು ಎತ್ತುವುದು, ಕಾಲುವೆ ಕಾಯುವುದು ಅವನ ಕೆಲಸ. ಬೇಸಿಗೆಯಲ್ಲಿ ರೈತರು ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ ಆಯ್ತು. ಕೆರೆಯ ಹೂಳೂ ಹೋಯ್ತು. ಈಗ ಬಹಳ ಊರುಗಳಲ್ಲಿ ಆ ಪದ್ಧತಿ ನಿಂತುಹೋಗಿದೆ. ಕೆರೆ ಯಾರದ್ದೂ ಅಲ್ಲ ಎಂಬಂತೆ ಆಗಿದೆ.

ಮೊದಲು ಇಷ್ಟು ನೀರು ಇರಲಿಲ್ಲ

"ನಮ್ಮ ಅವ್ವನ ಕಾಲದಲ್ಲೂ ಬಚ್ಚಲು ಇತ್ತು. ಆಗ ಕೆರೆ ಕೆಡಲಿಲ್ಲ. ಈಗ ಯಾಕೆ ಕೆಡ್ತದೆ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ.

ನಮ್ಮ ಅವ್ವಂದಿರು ದೂರದಿಂದ ನೀರು ಹೊತ್ತು ತಂದರು. ಹೊತ್ತ ನೀರಿನ ಬೆಲೆ ತಲೆಗೆ ಗೊತ್ತು, ಸೊಂಟಕ್ಕೆ ಗೊತ್ತು. ಒಂದು ಹನಿಯನ್ನೂ ಚೆಲ್ಲುತ್ತಿರಲಿಲ್ಲ. ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದರು. ಸೀಗೆಕಾಯಿ, ಅಂಟವಾಳದಲ್ಲಿ ತಲೆ ತೊಳೆಯುತ್ತಿದ್ದರು. ಅಕ್ಕಿ ತೊಳೆದ ನೀರು ದನದ ಕಲಗಚ್ಚಿಗೆ ಹೋಗುತ್ತಿತ್ತು. ಬಚ್ಚಲ ನೀರು ಹಿತ್ತಲ ಬಾಳೆಗಿಡಕ್ಕೆ ಸಾಕಾಗುತ್ತಿತ್ತು.

ಈಗ ನಲ್ಲಿ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಜಲ ಜೀವನ್ ಮಿಷನ್ ಎಂಬ ಯೋಜನೆ ಶುರು ಮಾಡಿತು. ಹಳ್ಳಿಯ ಪ್ರತಿ ಮನೆಗೂ ನಲ್ಲಿ ಹಾಕಬೇಕು, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಎಂಬುದು ಅದರ ಗುರಿ. ನಲ್ಲಿ ಬಂದದ್ದು ಬಹಳ ಒಳ್ಳೆಯದು. ನಮ್ಮ ತಲೆಯ ಭಾರ ಇಳಿಯಿತು. ಅದು ನಮ್ಮ ಹಕ್ಕು.

ಆದರೆ ಒಂದು ಲೆಕ್ಕ ಮಾಡೋಣ. ಮನೆಯಲ್ಲಿ ಐದು ಜನ. ಐದು ಸಲ 55 ಎಂದರೆ 275 ಲೀಟರ್. ಕುಡಿಯೋದಕ್ಕೆ, ಅಡಿಗೆಗೆ ಹೋಗೋದು ಸ್ವಲ್ಪ. ಉಳಿದ ಬಹುಪಾಲು ಬಳಸಿದ ನೀರಾಗಿ ಹೊರಗೆ ಹೋಗುತ್ತದೆ. 200 ಲೀಟರ್ ಎಂದು ಇಟ್ಟುಕೊಳ್ಳಿ. ಊರಿನಲ್ಲಿ ನೂರು ಮನೆ ಇದ್ದರೆ ದಿನಕ್ಕೆ 20 ಸಾವಿರ ಲೀಟರ್. 5 ಸಾವಿರ ಲೀಟರ್ ಹಿಡಿಯುವ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ? ಅಂಥ ನಾಲ್ಕು ಟ್ಯಾಂಕರ್ ಕೊಳೆ ನೀರು. ದಿನವೂ. ಅದೆಲ್ಲ ಕೆರೆಗೆ.

ನಲ್ಲಿ ನೀರು ಒಳಗೆ ಬರೋದಕ್ಕೆ ಪೈಪು ಹಾಕಿಸಿಕೊಂಡೆವು. ಹೊರಗೆ ಹೋಗುವ ನೀರಿಗೆ ದಾರಿ ಮಾಡಲಿಲ್ಲ. ತಪ್ಪು ಇಲ್ಲಿದೆ.

ಸೋಪಿನ ನೀರು ಕೆರೆಗೆ ಏನು ಮಾಡ್ತದೆ?

ಸೋಪಿನ ಪುಡಿ ಬಟ್ಟೆಯ ಕೊಳೆ ಬಿಡಿಸುತ್ತದೆ. ಆ ಪುಡಿ, ಆ ಕೊಳೆ, ಅನ್ನದ ಅಗುಳು, ಎಣ್ಣೆ ಜಿಡ್ಡು ಎಲ್ಲ ಕೆರೆ ಸೇರುತ್ತವೆ. ಇವು ಪಾಚಿಗೆ ಒಳ್ಳೆಯ ಗೊಬ್ಬರ. ಪಾಚಿ ಸೊಕ್ಕಿ ಬೆಳೆಯುತ್ತದೆ. ಅಂತರಗಂಗೆ ಕೆರೆಯ ತುಂಬ ಹರಡುತ್ತದೆ. ನೀರು ಕಾಣಿಸುವುದೇ ಇಲ್ಲ. ಬಿಸಿಲು ನೀರಿನ ಒಳಗೆ ಇಳಿಯುವುದಿಲ್ಲ.

ಪಾಚಿ ಸತ್ತು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯು ಖರ್ಚಾಗುತ್ತದೆ. ಮೀನಿಗೂ ನಮ್ಮಂತೆ ಉಸಿರಾಡಲು ಪ್ರಾಣವಾಯು ಬೇಕು. ಅದು ಸಿಗದೆ ಮೀನು ಸತ್ತು ತೇಲುತ್ತವೆ. ಆಮೇಲೆ ಕೆರೆ ನಾತ ಹೊಡೆಯುತ್ತದೆ.

ಚರಂಡಿಯಲ್ಲಿ ನಿಂತ ಕೊಳೆ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಅಂಥ ಸೊಳ್ಳೆಯಿಂದ ಆನೆಕಾಲು ರೋಗ ಹರಡುತ್ತದೆ. ಹಳೆಯ ಟೈರು, ತೆಂಗಿನ ಚಿಪ್ಪು, ಮುಚ್ಚದ ತೊಟ್ಟಿಯಲ್ಲಿ ನಿಂತ ತಿಳಿ ನೀರಿನಲ್ಲಿ ಬೇರೆ ಸೊಳ್ಳೆ ಹುಟ್ಟುತ್ತದೆ. ಅದರಿಂದ ಡೆಂಗಿ ಜ್ವರ ಬರುತ್ತದೆ. ಕಕ್ಕಸಿನ ನೀರು ಕುಡಿಯುವ ನೀರಿಗೆ ಬೆರೆತರೆ ಭೇದಿ, ಕಾಲರಾ, ಕಾಮಾಲೆ ಬರುತ್ತವೆ. ಮೊದಲು ನರಳುವುದು ಮಕ್ಕಳು. ರಾತ್ರಿ ಎಲ್ಲ ಎದ್ದು ಕೂರುವುದು ತಾಯಂದಿರು.

ಬೆಂಕಿ ಹತ್ತಿದ ಕೆರೆ

"ನೀರಿಗೆ ಬೆಂಕಿ ಹತ್ತುತ್ತದಾ?" ಎಂದರೆ ನಗ್ತೀರಿ. ಆದರೆ ಕೆರೆಯೊಂದರಲ್ಲಿ ಬೆಂಕಿ ಎದ್ದಿತು. ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆ ಇದೆ. ಸುಮಾರು 900 ಎಕರೆ. ಬೆಂಗಳೂರಿನ ಎಲ್ಲ ಕೆರೆಗಳಿಗಿಂತ ದೊಡ್ಡದು. ಒಂದು ಕಾಲಕ್ಕೆ ಅದರ ಕೆಳಗೆ ಭತ್ತದ ಗದ್ದೆಗಳಿದ್ದವು.

ಊರು ಬೆಳೆಯಿತು. ಲಕ್ಷಾಂತರ ಮನೆಗಳ ಬಚ್ಚಲ ನೀರು, ಕಕ್ಕಸಿನ ನೀರು, ಕಾರ್ಖಾನೆ ನೀರು ಆ ಕೆರೆಗೆ ಹರಿಯಿತು. ಕೆರೆಯ ಕೋಡಿಯಲ್ಲಿ ನೊರೆ ಆಳೆತ್ತರ ಏಳತೊಡಗಿತು. ಗಾಳಿ ಬೀಸಿದರೆ ನೊರೆ ರಸ್ತೆಗೆ ಹಾರಿ ಬರುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆಯಿಂದ ಮತ್ತೆ ಹೊಗೆ ಎದ್ದಿತು. 2018ರ ಜನವರಿಯಲ್ಲಿ ಇನ್ನೊಂದು ಸಾರಿ ಬೆಂಕಿ ಬಿತ್ತು. ಆರಿಸಲು ಸೈನಿಕರೂ ಬರಬೇಕಾಯಿತು.

ಆ ಕೆರೆಯ ನೀರು ವರ್ತೂರು ಕೆರೆಗೆ ಹೋಗುತ್ತದೆ. ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಸೇರುತ್ತದೆ. ನದಿ ತಮಿಳುನಾಡಿಗೆ ಹರಿಯುತ್ತದೆ. ಬೆಂಗಳೂರಿನ ಬಚ್ಚಲ ನೊರೆ ಎಷ್ಟು ದೂರ ಹೋಯಿತು ನೋಡಿ!

ಆಮೇಲೆ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. ಹೂಳು ತೆಗೆಯುವ ಕೆಲಸ ವರ್ಷಗಟ್ಟಲೆ ನಡೆಯಿತು. ಕೋಟಿ ಕೋಟಿ ಹಣ ಬೇಕಾಯಿತು. ಕೆರೆ ಕೆಡಿಸೋದು ಸುಲಭ. ಸರಿಮಾಡೋದು ಕಷ್ಟ. ನಮ್ಮ ಊರಿನ ಕೆರೆ ಇನ್ನೂ ಅಷ್ಟು ಕೆಟ್ಟಿಲ್ಲ. ಈಗಲೇ ಎಚ್ಚರ ಆದರೆ ಉಳಿಸಿಕೊಳ್ಳಬಹುದು.

ನಮ್ಮ ಮನೆಯಲ್ಲಿ ನಾವು ಮಾಡೋದು

ಮನೆ ಎಂದರೆ ನಾಲ್ಕು ಗೋಡೆ ಮಾತ್ರ ಅಲ್ಲ. ಅಂಗಳ ನಮ್ಮದು. ಹಿತ್ತಲು ನಮ್ಮದು. ಬಾಗಿಲ ಮುಂದಿನ ಚರಂಡಿಯನ್ನು ಚೊಕ್ಕಟವಾಗಿ ಇಡುವ ಹೊಣೆಯೂ ನಮ್ಮದು. ನಮ್ಮ ಮನೆಯ ನೀರು ಮಣ್ಣಿನಲ್ಲಿ ಇಂಗುವವರೆಗೂ ಅದು ನಮ್ಮ ನೀರೇ.

ಮೊದಲನೆಯದು, ಬಚ್ಚಲು ಗುಂಡಿ. ಇದಕ್ಕೆ ಇಂಗು ಗುಂಡಿ ಎಂದೂ ಹೇಳುತ್ತಾರೆ. ಇದನ್ನು ಮಾಡುವುದು ಕಷ್ಟವಲ್ಲ.

ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ತೋಡಿ. ಕುಡಿಯುವ ನೀರಿನ ಬಾವಿಯಿಂದ 30 ಅಡಿಗಿಂತ ದೂರ ಇರಲಿ. ಮನೆಯ ಗೋಡೆಗೆ ಅಂಟಿಕೊಂಡು ಬೇಡ, ತಳಪಾಯ ತೇವ ಆಗುತ್ತದೆ. ಗುಂಡಿಯ ತಳಕ್ಕೆ ದಪ್ಪ ಕಲ್ಲು ತುಂಬಿ. ಅದರ ಮೇಲೆ ಮಧ್ಯಮ ಕಲ್ಲು. ಅದರ ಮೇಲೆ ಸಣ್ಣ ಜಲ್ಲಿ. ಕಲ್ಲು ಸಿಗದಿದ್ದರೆ ಒಡೆದ ಇಟ್ಟಿಗೆ ಚೂರು ಆದೀತು.

ಒಂದು ಹಳೆಯ ಮಡಕೆ ತೆಗೆದುಕೊಳ್ಳಿ. ತಳಕ್ಕೆ ಸಣ್ಣ ತೂತು ಮಾಡಿ. ಒಳಗೆ ತೆಂಗಿನ ನಾರು ಇಲ್ಲವೆ ಒಣಹುಲ್ಲು ತುಂಬಿ. ಗುಂಡಿಯ ನಡುವೆ ಕೂರಿಸಿ. ಬಚ್ಚಲ ಪೈಪು ಈ ಮಡಕೆಗೆ ಬೀಳಲಿ. ಜಿಡ್ಡು, ಕೂದಲು, ಅಗುಳು ನಾರಿನಲ್ಲಿ ನಿಲ್ಲುತ್ತವೆ. ನೀರು ಮಾತ್ರ ಕೆಳಗೆ ಇಳಿಯುತ್ತದೆ. ಮಡಕೆಯ ಸುತ್ತ ಗೋಣಿತಾಟು ಹಾಸಿ, ಮೇಲೆ ಮಣ್ಣು ಮುಚ್ಚಿ. ಮಡಕೆಗೂ ಒಂದು ಮುಚ್ಚಳ ಇಡಿ. ಆಗ ಸೊಳ್ಳೆ ಒಳಗೆ ಹೋಗೋದಿಲ್ಲ.

ಹದಿನೈದು ದಿನಕ್ಕೊಮ್ಮೆ ನಾರು ತೆಗೆದು ಬೇರೆ ಹಾಕಿ. ಇದನ್ನು ಮರೆತರೆ ಗುಂಡಿ ಕಟ್ಟಿಕೊಳ್ಳುತ್ತದೆ. ಕೆಲವು ವರ್ಷ ಆದ ಮೇಲೆ ನೀರು ಇಂಗದಿದ್ದರೆ ಕಲ್ಲು ಹೊರಗೆ ತೆಗೆದು ತೊಳೆದು, ಒಣಗಿಸಿ, ಮತ್ತೆ ತುಂಬಿ.

ಒಂದು ಎಚ್ಚರಿಕೆ. ಕಕ್ಕಸಿನ ನೀರನ್ನು ಈ ಗುಂಡಿಗೆ ಬಿಡಬೇಡಿ.

ಎರಡನೆಯದು, ಕೈತೋಟ. ಎರೆಮಣ್ಣಿನ ಊರಿನಲ್ಲಿ ನೀರು ಬೇಗ ಇಂಗುವುದಿಲ್ಲ. ಅಂಥ ಕಡೆ ಬಚ್ಚಲ ನೀರನ್ನು ಗಿಡಕ್ಕೆ ಹರಿಸಿ. ಬಾಳೆ, ಕೆಸು, ತೆಂಗು ಈ ನೀರನ್ನು ಚೆನ್ನಾಗಿ ಕುಡಿಯುತ್ತವೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಹಾಕಬೇಡಿ. ದಿನವೂ ಒಂದೇ ಕಡೆ ನೀರು ನಿಲ್ಲದಂತೆ ಪಾತಿ ಬದಲಿಸಿ.

ಮೂರನೆಯದು, ಸೋಪು. ಪುಡಿಯನ್ನು ಕೈಗೆ ಬಂದಷ್ಟು ಸುರಿಯಬೇಡಿ. ಚಮಚದಲ್ಲಿ ಅಳೆದು ಹಾಕಿ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಬೆಳ್ಳಗಾಗುತ್ತದೆ ಅನ್ನೋದು ಸುಳ್ಳು. ಸೌದೆ ಒಲೆ ಇದ್ದರೆ ಬೂದಿ ಇದ್ದೇ ಇದೆ. ಜಿಡ್ಡಿನ ಪಾತ್ರೆಯನ್ನು ಮೊದಲು ಬೂದಿಯಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಕೆರೆಯ ದಂಡೆಗೆ ಬಟ್ಟೆ ಒಗೆಯಲು ಹೋದರೆ, ನೀರು ಎತ್ತಿಕೊಂಡು ದೂರದಲ್ಲಿ ಒಗೆಯಿರಿ.

ನಾಲ್ಕನೆಯದು, ಕಕ್ಕಸು. ಎರಡು ಗುಂಡಿಯ ಕಕ್ಕಸು ಒಳ್ಳೆಯದು. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ, ಇನ್ನೊಂದಕ್ಕೆ ತಿರುಗಿಸಿ. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಒಣ ಗೊಬ್ಬರ ಆಗುತ್ತದೆ. ಕಕ್ಕಸಿನ ಪೈಪನ್ನು ಚರಂಡಿಗೆ ಕೊಡಲೇಬಾರದು. ದೊಡ್ಡ ತೊಟ್ಟಿ ಕಟ್ಟಿಸಿದ್ದರೆ, ಅದು ತುಂಬಿದಾಗ ಹೀರುವ ಗಾಡಿ ಕರೆಸಿ. ಆ ಗಾಡಿಯವರು ಅದನ್ನು ಹಳ್ಳಕ್ಕೆ ಸುರಿಯದಂತೆ ನೋಡಿ. ಗುಂಡಿಯೊಳಗೆ ಮನುಷ್ಯರನ್ನು ಇಳಿಸಬೇಡಿ. ಒಳಗಿನ ವಿಷದ ಗಾಳಿಗೆ ಪ್ರಾಣ ಹೋಗುತ್ತದೆ. 2013ರ ಕಾಯ್ದೆಯ ಪ್ರಕಾರ ಅದು ಅಪರಾಧ.

ಐದನೆಯದು, ಕಸ. ಹಸಿ ಕಸ ತಿಪ್ಪೆಗೆ ಹೋಗಲಿ. ತಿಪ್ಪೆ ಹಳ್ಳದ ದಂಡೆಯಲ್ಲಿ ಬೇಡ. ಮಳೆ ಬಂದರೆ ಗೊಬ್ಬರವೂ ಹೋಯ್ತು, ಕೆರೆಯೂ ಕೆಟ್ಟಿತು. ಪ್ಲಾಸ್ಟಿಕ್ಕು ಬೇರೆ ಚೀಲದಲ್ಲಿ ಕೂಡಿಡಿ, ಪಂಚಾಯ್ತಿಯ ಕಸದ ಗಾಡಿಗೆ ಕೊಡಿ. 2016ರಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧ ಮಾಡಿತು. ಸಂತೆಗೆ ಹೋಗುವಾಗ ಬಟ್ಟೆ ಚೀಲ ಮರೆಯಬೇಡಿ. ಔಷಧಿ ಹೊಡೆದ ಪಂಪು, ಔಷಧಿ ಬಾಟಲಿ ಕೆರೆಯಲ್ಲಿ ತೊಳೆಯಬಾರದು. ಇದನ್ನು ಮನೆಯ ಗಂಡಸರಿಗೂ ಹೇಳಿ.

ಆರನೆಯದು, ಮನೆ ಕಟ್ಟುವಾಗ. ಹಳೆಯ ಗೋಡೆ ಕೆಡವಿದ ಮಣ್ಣು, ಇಟ್ಟಿಗೆ ಚೂರು ಚರಂಡಿಗೆ, ಹಳ್ಳಕ್ಕೆ ಸುರಿಯಬಾರದು. ಮರಳು, ಜಲ್ಲಿ ಚರಂಡಿಯ ಮೇಲೆ ರಾಶಿ ಹಾಕಬಾರದು. ಚರಂಡಿ ಮುಚ್ಚಿ ಮೆಟ್ಟಿಲು ಕಟ್ಟಬಾರದು. ಒಂದು ಮನೆಯ ಮೆಟ್ಟಿಲಿನಿಂದ ಇಡೀ ಓಣಿಯ ನೀರು ನಿಲ್ಲುತ್ತದೆ.

ಬಾಡಿಗೆ ಮನೆಯಾದರೆ? ಗುಂಡಿ, ಪೈಪು, ಕಕ್ಕಸು ಮಾಡಿಸುವುದು ಮನೆ ಯಜಮಾನರ ಕೆಲಸ. ದಿನದಿನ ಚೊಕ್ಕಟ ಇಡುವುದು ಅಲ್ಲಿ ಇರುವವರ ಕೆಲಸ. ಹೀಗೆ ಮೊದಲೇ ಮಾತಾಡಿಕೊಂಡರೆ ಜಗಳ ಇಲ್ಲ.

ಇನ್ನೊಂದು ಮಾತು. ಇದೆಲ್ಲ ಹೆಂಗಸರ ಕೆಲಸ ಅಂತ ನಮ್ಮ ತಲೆಗೇ ಕಟ್ಟಿಕೊಳ್ಳೋದು ಬೇಡ. ಸ್ನಾನ ಎಲ್ಲರೂ ಮಾಡ್ತಾರೆ. ಊಟ ಎಲ್ಲರೂ ಮಾಡ್ತಾರೆ. ಗುಂಡಿ ತೋಡುವುದು, ನಾರು ಬದಲಿಸುವುದು, ಚರಂಡಿ ಬಳಿಯುವುದು ಗಂಡಸರೂ ಮಾಡಲಿ.

ಊರು ಸೇರಿ ಮಾಡೋದು

ಕೆಲವು ಕೆಲಸ ಒಂದು ಮನೆಯಿಂದ ಆಗೋದಿಲ್ಲ. ಹತ್ತು ಮನೆ ಸೇರಬೇಕು. ಮಳೆಗಾಲಕ್ಕೆ ಮೊದಲು ಎಲ್ಲರೂ ಕೂಡಿ ಹಳ್ಳದ ಕಸ ತೆಗೆಯಬಹುದು. ಕೆರೆಗೆ ನೀರು ಬರುವ ಕಾಲುವೆಯನ್ನು ಯಾರೂ ಉತ್ತು ಹೊಲ ಮಾಡಿಕೊಳ್ಳದಂತೆ ಕಾಯಬಹುದು. ಕಾಲುವೆ ಮುಚ್ಚಿದರೆ ಕೆರೆಗೆ ನೀರಿಲ್ಲ. ಕೋಡಿ ಮುಚ್ಚಿದರೆ ಏರಿಗೆ ಅಪಾಯ. ಏರಿ ಒಡೆದರೆ ಊರಿಗೇ ಅಪಾಯ.

ಗಣಪತಿ ಹಬ್ಬಕ್ಕೆ ಬರೀ ಮಣ್ಣಿನ ಗಣಪನನ್ನೇ ತರೋಣ. ಪ್ಲಾಸ್ಟರ್ ಗಣಪ ಕರಗುವುದಿಲ್ಲ. ಬಣ್ಣದಲ್ಲಿ ವಿಷ ಇರಬಹುದು. ಮನೆಯ ಗಣಪನನ್ನು ಬಕೆಟ್ಟಿನಲ್ಲೇ ಬಿಟ್ಟು, ಆ ನೀರನ್ನು ಗಿಡಕ್ಕೆ ಹಾಕಿದರೆ ಭಕ್ತಿಗೆ ಏನೂ ಕಡಿಮೆ ಆಗೋದಿಲ್ಲ.

ಪಂಚಾಯ್ತಿ ಮಾಡಬೇಕಾದ್ದು

ನಮ್ಮ ಕೆಲಸ ನಾವು ಮಾಡೋಣ. ಪಂಚಾಯ್ತಿಯ ಕೆಲಸವನ್ನು ಕೇಳಿ ಮಾಡಿಸಿಕೊಳ್ಳೋಣ. ಚರಂಡಿ ಕಟ್ಟಿಸುವುದು, ಹೂಳು ತೆಗೆಸುವುದು, ಕಸ ಸಾಗಿಸುವುದು ಗ್ರಾಮ ಪಂಚಾಯ್ತಿಯ ಕರ್ತವ್ಯ. ನಾವು ಮನೆ ಕಂದಾಯ, ನೀರಿನ ಕಂದಾಯ ಕಟ್ಟುತ್ತೇವೆ. ಕೇಳುವ ಹಕ್ಕು ನಮಗಿದೆ.

ಕರ್ನಾಟಕದಲ್ಲಿ 1993ರಲ್ಲಿ ಪಂಚಾಯತ್ ರಾಜ್ ಕಾಯ್ದೆ ಬಂತು. ಆಗ ಮೂರರಲ್ಲಿ ಒಂದು ಭಾಗ ಸ್ಥಾನ ಹೆಂಗಸರಿಗೆ ಸಿಕ್ಕಿತು. 2010ರಲ್ಲಿ ಅದು ಅರ್ಧ ಭಾಗ ಆಯಿತು. ಈಗ ಪಂಚಾಯ್ತಿಯಲ್ಲಿ ನಮ್ಮಂಥ ಹೆಣ್ಣುಮಕ್ಕಳೇ ಕೂತಿದ್ದಾರೆ. ಗ್ರಾಮಸಭೆ ಆರು ತಿಂಗಳಿಗೆ ಒಂದು ಸಾರಿಯಾದರೂ ನಡೆಯಬೇಕು. ಅಲ್ಲಿಗೆ ಹೋಗಿ ಮಾತಾಡೋಣ.

ಕೆರೆ ಒತ್ತುವರಿ ಮಾಡಬಾರದು, ಕೆರೆಗೆ ಕೊಳಚೆ, ಕಸ ಹಾಕಬಾರದು ಎಂದು 2014ರಲ್ಲಿ ರಾಜ್ಯದಲ್ಲಿ ಕಾಯ್ದೆ ಆಗಿದೆ. ಕೆರೆ, ನದಿ, ಕಾಡು ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯ ಎಂದು ನಮ್ಮ ಸಂವಿಧಾನವೂ ಹೇಳುತ್ತದೆ. 1976ರಲ್ಲಿ ಈ ಮಾತನ್ನು ಸಂವಿಧಾನಕ್ಕೆ ಸೇರಿಸಿದರು. ಕೆರೆಯ ಗಡಿ, ಹಳ್ಳದ ಗಡಿ ಗ್ರಾಮ ನಕಾಶೆಯಲ್ಲಿ ಇರುತ್ತದೆ. ಒತ್ತುವರಿ ಆಗಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ಎಂದು ಕೇಳಬಹುದು.

2005ರ ಉದ್ಯೋಗ ಖಾತ್ರಿ ಕಾಯ್ದೆಯ ಸಹಾಯದಿಂದ ಹಲವು ಊರುಗಳಲ್ಲಿ ಬಚ್ಚಲು ಗುಂಡಿ ಮಾಡಿಕೊಂಡರು. ನಿಮ್ಮ ಊರಿನಲ್ಲಿ ಈಗ ಯಾವ ಯೋಜನೆಯಲ್ಲಿ ಸಹಾಯ ಇದೆ? ಪಂಚಾಯ್ತಿಗೆ ಹೋಗಿ ಕೇಳಿ.

ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದ ಮಾತು ಉಳಿಯುತ್ತದೆ. ನಮಗೆ ಈಗ ಬರೆಯಲು ಬರುತ್ತದೆ. ಅರ್ಜಿ ಹೀಗೆ ಬರೆಯಬಹುದು:

ಇವರಿಗೆ,
ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯವರು,
.................. ಗ್ರಾಮ ಪಂಚಾಯ್ತಿ.

ಮಾನ್ಯರೇ,

ವಿಷಯ: ಚರಂಡಿ ಹೂಳು ತೆಗೆಸುವ ಬಗ್ಗೆ.

ನಮ್ಮ ಓಣಿಯ ಚರಂಡಿ ಕಟ್ಟಿಕೊಂಡಿದೆ. ಕೊಳೆ ನೀರು ಬಾಗಿಲಿಗೆ ಬರುತ್ತಿದೆ. ಮಕ್ಕಳಿಗೆ ಕಾಯಿಲೆ ಆಗುತ್ತಿದೆ. ಇದೇ ನೀರು ಕೆರೆಗೂ ಸೇರುತ್ತಿದೆ. ನಮ್ಮ ಮನೆಗಳಲ್ಲಿ ಬಚ್ಚಲು ಗುಂಡಿ ಮಾಡಿಕೊಳ್ಳಲು ನಾವು ಸಿದ್ಧರಿದ್ದೇವೆ. ದಯವಿಟ್ಟು ಚರಂಡಿಯ ಹೂಳು ತೆಗೆಸಿ. ಜಾಗ ಇಲ್ಲದ ಮನೆಗಳಿಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಗುಂಡಿ ಮಾಡಿಸಿಕೊಡಿ.

ಇಂತಿ,
ಓಣಿಯ ನಿವಾಸಿಗಳು
(ಎಲ್ಲರ ಸಹಿ)
ದಿನಾಂಕ: ............

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.

ಜಗಳ ಏನಾಯಿತು?

ಆ ಓಣಿಯವರು ಹೀಗೇ ಅರ್ಜಿ ಬರೆದರು. ಹೆಬ್ಬೆಟ್ಟು ಒಂದೂ ಇರಲಿಲ್ಲ. ಎಲ್ಲವೂ ಸಹಿ. ಮೊದಲ ಸಲ ಪಂಚಾಯ್ತಿಯಲ್ಲಿ "ನೋಡೋಣ" ಅಂದರು. ಇವರು ಗ್ರಾಮಸಭೆಗೆ ಹೋದರು. ತಗ್ಗಿನ ಕೇರಿಯ ಹೆಂಗಸರೂ ಜೊತೆಗೆ ಬಂದರು. ಕೇರಿಯ ಒಬ್ಬ ತಾಯಿ ಎದ್ದು ನಿಂತು ಕೇಳಿದಳು: "ತಗ್ಗಿನಲ್ಲಿ ಇದ್ದೇವೆ ಅಂತ ಊರಿನ ಕೊಳೆ ನಾವೇ ಹೊರಬೇಕಾ?" ಸಭೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೊದಲು ಕೇರಿಯ ಚರಂಡಿ, ಆಮೇಲೆ ಓಣಿಯದು ಎಂದು ತೀರ್ಮಾನ ಆಯಿತು.

ಕೆಳಗಿನ ಮನೆ ತಂಗಿ ಹಿತ್ತಲಲ್ಲಿ ಗುಂಡಿ ತೋಡಿಸಿದಳು. ಮೇಲಿನ ಮನೆ ಅಕ್ಕನಿಗೆ ಹಿತ್ತಲೇ ಇರಲಿಲ್ಲ. ಅವಳಂತೆ ಜಾಗ ಇಲ್ಲದವರು ಇನ್ನೂ ಇಬ್ಬರು. ಮೂವರೂ ಸೇರಿ ಓಣಿಯ ತುದಿಯ ಪಂಚಾಯ್ತಿ ಜಾಗದಲ್ಲಿ ಒಂದೇ ದೊಡ್ಡ ಗುಂಡಿ ಮಾಡಿಕೊಂಡರು. ನಾರು ಬದಲಿಸುವ ಪಾಳಿ ಹಾಕಿಕೊಂಡರು. ಪಾಳಿಯ ಪಟ್ಟಿ ಗೋಡೆಯ ಮೇಲಿದೆ. ಅದನ್ನು ಬರೆದದ್ದು ಮೇಲಿನ ಮನೆ ಅಕ್ಕ.

ಎಲ್ಲ ಸರಿಹೋಯಿತು ಅಂತ ಅಲ್ಲ. ಹೋಟೆಲಿನ ನೀರು ಇನ್ನೂ ಹಳ್ಳಕ್ಕೇ ಬೀಳುತ್ತಿದೆ. ಅದಕ್ಕೆ ಇನ್ನೊಂದು ಅರ್ಜಿ ಸಿದ್ಧ ಆಗುತ್ತಿದೆ. ಕೂಸಿನ ಭೇದಿ ನಿಂತಿದೆ. ಅದು ಈಗ ಒಣ ನೆಲದ ಮೇಲೆ ಆಡುತ್ತದೆ.

ಅಜ್ಜಿ ಈಗ ಬೇರೆ ಪ್ರಶ್ನೆ ಕೇಳುತ್ತಾಳೆ: "ಕೆರೆ ಗೋಡು ಯಾವಾಗ ಹೊಡೀತೀರವ್ವ?"

ಓದಿ, ಮಾತಾಡಿ

1. ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಅದರ ಹಿಂದೆ ನಡೆದು ನೋಡಿ.

2. ನಿಮ್ಮ ಊರಿನ ಕೆರೆಯ ಹೆಸರೇನು? ಅದು ಕೋಡಿ ಬಿದ್ದರೆ ನೀರು ಯಾವ ಊರಿಗೆ ಹೋಗುತ್ತದೆ?

3. ನಿಮ್ಮ ಮನೆಯಲ್ಲಿ ಎಷ್ಟು ಜನ? ದಿನಕ್ಕೆ ಎಷ್ಟು ಬಿಂದಿಗೆ ನೀರು ಬಳಸುತ್ತೀರಿ? ಲೆಕ್ಕ ಮಾಡಿ.

4. ನಿಮ್ಮ ಊರಿನಲ್ಲಿ ಎಲ್ಲರ ಕೊಳೆ ನೀರು ಯಾರ ಬಾಗಿಲಿಗೆ ಹೋಗುತ್ತಿದೆ? ಅವರ ಜೊತೆ ಕೂತು ಮಾತಾಡಿ.

5. ಚರಂಡಿಯ ಬಗ್ಗೆ ಪಂಚಾಯ್ತಿಗೆ ಒಂದು ಅರ್ಜಿ ಬರೆಯಿರಿ. ನಿಮ್ಮ ಕೈಯಿಂದಲೇ ಸಹಿ ಹಾಕಿ.